ಅಳಿಸಿದ ಹಾಡಿನ ಬಿಸಿ

ಸುಮಂಗಲಕ್ಕನ ಕೆಲಸ ಮರೆಸುವುದು. ಐಟಿ ಬಡಾವಣೆ ಮಗರಪಟ್ಟಾದ ಆಫೀಸುಗಳು ಬೇಡವೆಂದ ಕಂಪ್ಯೂಟರುಗಳು ನಮ್ಮ ಶೆಡ್ಡಿಗೆ ಬರುತ್ತವೆ. ಅವುಗಳ ಹಾರ್ಡ್ ಡಿಸ್ಕ್ ಬಿಚ್ಚಿ, ಯಂತ್ರಕ್ಕೆ ಸಿಕ್ಕಿಸಿ, ಒಳಗಿರುವುದನ್ನೆಲ್ಲ ಅಳಿಸಿದ ಮೇಲೆಯೇ ಮಾರಾಟ. ಕಲಬುರಗಿ ಕಡೆಯ ಈ ಹೆಂಗಸು ಮೊದಲು ಇಟ್ಟಿಗೆ ಹೊರುತ್ತಿದ್ದಳು. ಈಗ ದಿನಕ್ಕೆ ನಲವತ್ತು ಡಿಸ್ಕುಗಳ ನೆನಪು ತೆಗೆಯುತ್ತಾಳೆ. ಅಳಿಸಿದ ಪ್ರತಿಯೊಂದರ ಮೇಲೂ ಅಂಗೈ ಇಟ್ಟು ನೋಡುವುದು ಅವಳ ರೂಢಿ.

“ಯಾಕ ಸರ, ಬಿಸಿ ಆಗ್ತಾವಲ್ರಿ ಇವು?” ಎಂದು ಒಮ್ಮೆ ಕೇಳಿದಳು.

ನಾನು ನಿತಿನ, ಉಡುಪಿ ಕಡೆಯವನು. ಭೌತಶಾಸ್ತ್ರ ಓದಿ ಗುಜರಿಯ ಮೇಲ್ವಿಚಾರಕನಾದವನು. ಕೇಳುವವರು ಸಿಕ್ಕರೆ ಬಿಡುತ್ತೇನೆಯೇ? “ಹೆಚ್ಚಿನದು ಮೋಟಾರಿನ ಬಿಸಿ ಅಕ್ಕ. ಆದರೆ ಒಂದು ಚೂರು ಬೇರೆ. ಅಳಿಸಿದ ನೆನಪು ಸುಮ್ಮನೆ ಇಲ್ಲವಾಗುವುದಿಲ್ಲ. ಒಳಗೆ ಸಾಲಾಗಿ ಕೂತದ್ದು ಬಿಸಿಯಾಗಿ ಗಾಳಿಗೆ ಸೇರಿ ಚೆಲ್ಲಾಪಿಲ್ಲಿಯಾಗ್ತದೆ. ಆ ಚೆಲ್ಲಾಪಿಲ್ಲಿಯ ಅಳತೆಗೆ ಎಂಟ್ರೊಪಿ ಅಂತ ಹೆಸರು. ಎಂಥ ಯಂತ್ರ ತಂದರೂ ಅದು ತಪ್ಪಿದ್ದಲ್ಲ.”

“ಹಂಗಾರ ಈ ಶೆಡ್ಡಿನ ಗಾಳಿ ತುಂಬ ಮಂದಿ ನೆನಪ ಅದ ಅನ್ರಿ,” ಎಂದಳು. ಆ ಮಧ್ಯಾಹ್ನವೆಲ್ಲ ಯಾರದೋ ಮದುವೆಯ ಫೋಟೊ, ಯಾರದೋ ರಾಜೀನಾಮೆ ಪತ್ರ ನನ್ನ ಮೂಗಿನ ಹತ್ತಿರ ತೇಲುತ್ತಿರುವಂತೆ ಅನಿಸಿತು.

ಅವಳ ಗಂಡ ಸಿದ್ದಾರೂಢ, ಭಜನೆ ಮೇಳದಲ್ಲಿ ಮುಂದೆ ಕೂತು ಹಾಡುತ್ತಿದ್ದವನು. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ನಿನಲ್ಲಿ ದನಿ ಪೂರ್ತಿ ಹೋಯಿತು. ಆ ದನಿ ಉಳಿದದ್ದು ಒಂದೇ ಕಡೆ, ಮೇಳದವರ ಕೆಟ್ಟ ಕಂಪ್ಯೂಟರಿನ ಡಿಸ್ಕಿನಲ್ಲಿ. ಹಾಡುಗಳನ್ನು ಫೋನಿಗೆ ಹಾಕಿಕೊಡಿ ಎಂದು ಒಂದು ಸಂಜೆ ಅದನ್ನು ತಂದಳು.

“ಯಾರ ಹಾಡೋ ಅವರ ಹೆಸರು ಬರೆದು ಚೀಟಿ ಅಂಟಿಸಿ, ಮೇಜಿನ ಮೇಲಿಡಿ,” ಎಂದೆ ತಲೆಯೆತ್ತದೆ. ಹೆಸರಿಲ್ಲದ್ದೆಲ್ಲ ಅಳಿಸುವ ಬುಟ್ಟಿಗೆ, ಇದು ಶೆಡ್ಡಿನ ನಿಯಮ. ಮಾಡಿದ ಜಾಣ ನಾನೇ.

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಹೆಸರಿಲ್ಲದೆ ಬಿದ್ದಿದ್ದವನ್ನೆಲ್ಲ ಬುಟ್ಟಿಗೆ ಹಾಕಿದೆ. ಎಲ್ಲ ಒಂದೇ ತರದ ಡಬ್ಬಿಗಳು. ಸುಮಂಗಲಕ್ಕ ಅವನ್ನು ಯಂತ್ರಕ್ಕೆ ಸಿಕ್ಕಿಸಿದಳು. ಚಹಾದ ಹೊತ್ತಿಗೆ “ನಮ್ ಹಾಡು ಫೋನಿಗೆ ಹಾಕಿದ್ರೇನ್ರಿ ಸರ?” ಎಂದಾಗ ಯಂತ್ರದ ಹತ್ತಿರ ಓಡಿದೆ. ಅಡಿಯಲ್ಲಿ ಖಾಲಿ ಚೀಟಿ ಅಂಟಿದ್ದ ಡಿಸ್ಕು ಯಂತ್ರದಲ್ಲಿ ಸಿಕ್ಕಿತು. ಎಲ್ಲ ಅಳಿಸಿಹೋಗಿತ್ತು.

“ಹೆಸರು ಯಾಕೆ ಬರೆಯಲಿಲ್ಲ ಅಕ್ಕ?”

“ಗಂಡನ ಹೆಸರ ಹ್ಯಾಂಗ ಬರೀಲ್ರಿ? ಬಾಯಿಲೆ ಅನ್ನಂಗಿಲ್ಲ, ಕೈಲೆ ಬರೀತೀನೇನ್ರಿ? ಅವರ ಆಯುಷ್ಯ ಕಮ್ಮಿ ಆಗ್ತದ.” ಬಿಸಿ ಡಿಸ್ಕನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೊತ್ತಿಕೊಂಡು ಅತ್ತಳು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ತಪ್ಪೊಪ್ಪಿಕೊಳ್ಳಲು ಸಂಜೆ ಅವಳ ಮನೆಗೆ ಹೋದೆ. ತಗಡಿನ ಮನೆಗಳ ಸಾಲು, ಹೊಂಬಣ್ಣದ ಧೂಳು, ಆಚೆ ಒಂದೊಂದಾಗಿ ದೀಪ ಹತ್ತುತ್ತಿದ್ದ ಎತ್ತರದ ಕಟ್ಟಡಗಳು. ಸಿದ್ದಾರೂಢ ಕುತ್ತಿಗೆಗೆ ಬಿಳಿ ವಸ್ತ್ರ ಸುತ್ತಿಕೊಂಡು ಹೊಸ್ತಿಲಲ್ಲಿ ಕೂತಿದ್ದ. ನಾನು ಎಲ್ಲ ಹೇಳಿದೆ. ಆತ ಹೆಂಡತಿಯ ಕೈಯಿಂದ ಡಿಸ್ಕನ್ನು ಇಸಿದುಕೊಂಡು ಕೆನ್ನೆಗಿಟ್ಟುಕೊಂಡ. ಅದು ಆಗಲೇ ತಣ್ಣಗಾಗಿತ್ತು.

ಆಮೇಲೆ ಅವಳ ಕಡೆ ತಿರುಗಿ, ಮೊಣಕಾಲ ಮೇಲೆ ಎರಡು ಬೆರಳಿನಿಂದ ತಾಳ ಹಾಕತೊಡಗಿದ.

“ನನಗೆಲ್ಲಿ ಹಾಡಾಕ ಬರ್ತದ್ರಿ, ನಾ ಹಿಂದ ಕೂತು ಕೇಳಾಕಿ,” ಎಂದಳು. ತಾಳ ನಿಲ್ಲಲಿಲ್ಲ. ಮುಖ ಒರೆಸಿಕೊಂಡು ಶುರುಮಾಡಿದಳು. ಎರಡನೇ ಸಾಲಿಗೇ ಎಡವಿದಳು, ಬೆರಳು ನಿಂತಿತು. ಹಿಂದೆ ಹೋಗಿ ಸರಿಯಾಗಿ ಹಾಡಿದಳು, ಬೆರಳು ನಡೆಯಿತು. ಹೀಗೇ ಕತ್ತಲು ಇಳಿಯುತ್ತ ಬಂತು. ಒಂದು ಕಡೆ ಮಾತ್ರ ಬೆರಳು ಗಾಳಿಯಲ್ಲೇ ನಿಂತುಬಿಟ್ಟಿತು, ಇನ್ನೂ ಎಳೆ ಎಂಬಂತೆ.

“ಇಲ್ರಿ, ಅಲ್ಲಿ ಅಷ್ಟು ಉದ್ದ ಎಳೀತಿದ್ದಿಲ್ಲ ನೀವು!”

ಎಳೆಯುತ್ತಿದ್ದೆ ಎಂದು ಆತ ಎದೆ ತಟ್ಟಿಕೊಂಡ. ಇಲ್ಲವೆಂದು ಅವಳು ಹಟ ಹಿಡಿದಳು. ಯಾರದು ಸರಿ ಎಂದು ಹೇಳಬಲ್ಲ ಡಿಸ್ಕು ಆತನ ತೊಡೆಯ ಮೇಲೆ ಖಾಲಿ ಕೂತಿತ್ತು. ಕೊನೆಗೆ ಸಿದ್ದಾರೂಢನೇ ಸೋತ. ಅವಳು ಹಾಡಿದ ಹಾಗೆಯೇ ತಾಳ ಹಾಕಿದ.