ಬಾಳೆಗುಳಿಯಲ್ಲಿ ಮುಗ್ಗರಿಸಿದ ಕಾರು

ಟರ್ಬೊ ಸುಟ್ಟಿರಬಹುದು. ಪೆಟ್ರೋಲಿನಲ್ಲಿ ಕಸ ಬಂದಿರಬಹುದು. ಇಲಿ ವೈರು ಕಡಿದಿರಬಹುದು. ಪಿಸ್ಟನ್ ಬಿರುಕು ಬಿಟ್ಟಿರಬಹುದು; ಅದರ ಚೂರು ಇನ್ನೇನು ಬಾನೆಟ್ ತೂರಿಕೊಂಡು ನನ್ನ ಹಣೆಗೇ ಬರಬಹುದು. ಪಂಪು, ಸೆನ್ಸರು, ಟೈಮಿಂಗ್ ಚೈನು, ಹೆಸರೇ ಗೊತ್ತಿಲ್ಲದ ಮತ್ತೇನೋ. ಯಾರದ್ದೋ ದೃಷ್ಟಿ ತಾಗಿರಬಹುದು. ಅಥವಾ ಕಾರಿಗೆ ಏನೂ ಆಗದೆ ನನ್ನ ಎದೆಯೇ ಒಂದು ಬಡಿತ ತಪ್ಪಿರಬಹುದು.

ಮೊನ್ನೆ ಕಿನ್ನರದ ನೆಂಟರ ಮನೆಗೆ ಹೊರಟವರು ಅಂಕೋಲೆ ದಾಟುತ್ತಿದ್ದಂತೆ ಕಾರು ಸಣ್ಣಗೆ ಮುಗ್ಗರಿಸಿತು. ಅಷ್ಟೇ. ಪಕ್ಕದಲ್ಲಿ ಕೂತ ಹೆಂಡತಿಗೆ ಗೊತ್ತೂ ಆಗಲಿಲ್ಲ. ಹಿಂದಿದ್ದ ಮೊಮ್ಮಗಳು ಚಿಕ್ಕಿ ಕಡಿಯುತ್ತಲೇ ಇದ್ದಳು. ನಾನು ಮಾತ್ರ ಅಷ್ಟರಲ್ಲಿ ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ನೀವೂ ನನ್ನ ಹಾಗೆ ಚಿಂತೆಯನ್ನು ಸಾಕಿಕೊಂಡವರಾದರೆ ನಿಮಗೆ ಗೊತ್ತಿರುತ್ತದೆ, ಇಂಥದ್ದನ್ನೆಲ್ಲ ಹೊಸದಾಗಿ ಯೋಚಿಸಬೇಕಾಗುವುದಿಲ್ಲ. ಹಳೆಯ ಹೆದರಿಕೆಯೇ ಮಡಿಸಿಟ್ಟ ಬಟ್ಟೆಯಂತೆ ಸಿದ್ಧವಿರುತ್ತದೆ. ನನ್ನದು ಸಿದ್ಧವಾದದ್ದು ಈ ಮೊಮ್ಮಗಳು ಹುಟ್ಟುವ ಮೊದಲು, ಬಾಳೆಗುಳಿಯಲ್ಲಿ.

ಅರವತ್ತರ ವೇಗ ದಾಟದವನಿಗೆ ಟರ್ಬೊ ಕಾರು ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಹೆಂಡತಿಯೂ ಕೇಳಿದ್ದಳು. ಲಾರಿಯನ್ನು ಬೇಗ ಹಿಂದಿಕ್ಕಿದಷ್ಟೂ ಅದರ ಪಕ್ಕದಲ್ಲಿರುವ ಹೊತ್ತು ಕಡಿಮೆ, ಅಪಾಯವೂ ಕಡಿಮೆ ಎಂಬುದು ನನ್ನ ವಾದ. ಹೆದರಿಕೆಯಿಂದಲೇ ವೇಗದ ಕಾರು ಕೊಂಡವನು ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮಗಳು ಶುಭಾಳ ಗಂಡನ ಮನೆ ಬಾಳೆಗುಳಿ. ಚೊಚ್ಚಲ ಹೆರಿಗೆಗೆಂದು ಅವಳನ್ನು ಭಾವಿಕೇರಿಗೆ ಕರೆತರಲು ಒಂದು ಭಾನುವಾರ ಮಧ್ಯಾಹ್ನ ಹೋಗಿದ್ದೆ. ಅವಳನ್ನು ಕೂರಿಸಿಕೊಂಡು ಹೆದ್ದಾರಿಗೆ ಏರಲು ಆಕ್ಸಿಲರೇಟರ್ ಒತ್ತಿದೆ, ನೋಡಿ. ಕಾರು ಬಿಕ್ಕಳಿಸಿತು. ಮತ್ತೆ ಬಿಕ್ಕಳಿಸಿತು. ಎದುರಿಗೆ ಇಂಜಿನ್ನಿನ ಚಿತ್ರವಿರುವ ಹಳದಿ ದೀಪ ಮಿಟುಕತೊಡಗಿತು. ಹಿಂದಿನಿಂದ ಲಾರಿಯ ಹಾರ್ನು.

"ಎಂತಾ ಆಯ್ತು ಅಪ್ಪಾ?" ಶುಭಾ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು.

"ಎಂತದೂ ಇಲ್ಲ. ರಸ್ತೆ ಸರಿ ಇಲ್ಲ."

"ಈ ರಸ್ತೆ ಸರಿ ಇಲ್ಲವಾ? ಕೇರಂ ಬೋರ್ಡಿನ ಹಾಂಗೆ ಇದೆ!"

ಮರುದಿನವೇ ಕಾರವಾರಕ್ಕೆ, ವಿನಾಯಕನ ಗ್ಯಾರೇಜಿಗೆ ಹೋದೆ. ಅರ್ಧ ದಾರಿಯಲ್ಲೇ ಕಾರು ಸಾಧುವಾಯಿತು. ವಿನಾಯಕ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ, ಎರಡನೇ ಸಿಲಿಂಡರಿನಲ್ಲಿ ಕಿಡಿ ತಪ್ಪಿದೆ ಎಂದ. ಕಿಡಿಗೆ ವಿದ್ಯುತ್ತು ಕೊಡುವ ಕಾಯಿಲನ್ನು ಪಕ್ಕದ ಸಿಲಿಂಡರಿನದರ ಜೊತೆ ಅದಲುಬದಲು ಮಾಡಿದ. ಕಾಯಿಲ್ ಕೆಟ್ಟಿದ್ದರೆ ರೋಗವೂ ಅದರ ಬೆನ್ನಿಗೆ ಪಕ್ಕಕ್ಕೆ ಹೋಗುತ್ತದಂತೆ. ರೋಗ ಎಲ್ಲಿಗೂ ಹೋಗಲಿಲ್ಲ, ಇರಲೂ ಇಲ್ಲ. ಬಿಣಗಾದವರೆಗೆ ಓಡಿಸಿ ಬಂದು ಕೀಲಿಕೈ ನನ್ನ ಕೈಗಿಟ್ಟ.

"ಸುಮ್ಮನೆ ಹೋಗುವಾಗ ಕಿಡಿ ಸಲೀಸಾಗಿ ಹಾರ್ತದೆ. ಟರ್ಬೊ ಗಾಳಿ ತುರುಕಿದ ಕೂಡಲೇ ಒಳಗೆ ಒತ್ತಡ. ಆಗ ಹೊರಗೆ ಎಲ್ಲಾದ್ರೂ ಸುಲಭದ ದಾರಿ ಸಿಕ್ಕಿದ್ರೆ ಅದು ಅಲ್ಲಿಂದ್ಲೇ ಪಾರಾಗ್ತದೆ."

ಥೇಟ್ ನನ್ನ ಹಾಗೆಯೇ ಎಂದುಕೊಂಡೆ.

"ಆದ್ರೂ ಇಂಜಿನ್ ಎಷ್ಟು ಚಂದ ಇಟ್ಕೊಂಡಿದ್ದೀರಿ ಮಾರಾಯ್ರೇ, ಒಂದು ಧೂಳಿಲ್ಲ" ಎಂದೂ ಹೇಳಿದ. ನಾನು ಬಾನೆಟ್ ತೆಗೆದವನೇ ಅಲ್ಲ. ಆದರೂ ಹೊಗಳಿಕೆಯನ್ನು ಹಿಂದಿರುಗಿಸಲಿಲ್ಲ.

ಮುಂದಿನ ವಾರ ಮತ್ತೆ ಮುಗ್ಗರಿಸಿತು. ಮತ್ತೆ ಗ್ಯಾರೇಜು, ಹೊಸ ಪ್ಲಗ್ಗು, ಮತ್ತೆ ಸಾಧು. ಅದರ ಮುಂದಿನ ವಾರ ಮತ್ತೆ. ಕೊನೆಗೆ ವಿನಾಯಕ, "ಕಾರಿಗೆ ಎಂತದೂ ಆಗ್ಲಿಲ್ಲ, ಆಗಿದ್ದು ನಿಮಗೆ. ಬಿಪಿ ನೋಡಿಸ್ಕೊಳ್ಳಿ" ಎಂದುಬಿಟ್ಟ. ನೋಡಿಸಿಕೊಂಡೆ. ಇತ್ತು.

ಆದರೆ ನನ್ನ ನಿದ್ದೆಗೆಡಿಸಿದ್ದು ಬಿಪಿಯಲ್ಲ, ಬಿಣಗಾ ಆಚೆಯ ಸುರಂಗ. ನೋವು ಶುರುವಾದ ಕೂಡಲೇ ಕಾರವಾರಕ್ಕೆ ಕರೆತನ್ನಿ, ಮಗು ತಿರುಗಿ ಕೂತಿದೆ, ತಡಮಾಡಬೇಡಿ ಎಂದಿದ್ದರು ಡಾಕ್ಟರು. ಆ ಸುರಂಗದ ನಟ್ಟನಡುವೆ ಕಾರು ನಿಂತಂತೆ, ಹಿಂದೆ ಟ್ಯಾಂಕರು ಬಂದಂತೆ ನನಗೆ ಕಾಣುತ್ತಿತ್ತು. ಹೆಂಡತಿಗೆ ಹೇಳಲಿಲ್ಲ. ಬೇರೆ ಗಾಡಿ ಗೊತ್ತುಮಾಡಿಡೋಣವೆಂದರೆ, ಮನೆ ಮುಂದೆ ಕಾರಿಟ್ಟುಕೊಂಡು ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತಿತ್ತು.

ನೋವು ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಶುಭಾ ಮತ್ತು ಹೆಂಡತಿ ಹಿಂದೆ. ಮುಂದೆ ನನ್ನ ಪಕ್ಕ ಕಾಕಾ. ಅಪ್ಪನ ತಮ್ಮ; ಜೀವಮಾನವೆಲ್ಲ ಸಮುದ್ರಕ್ಕೆ ಹೋಗಿ, ಈಗ ಮೊಣಕಾಲು ಹಿಡಿದುಕೊಂಡು ನಮ್ಮ ಮನೆಯ ಜಗುಲಿಯಲ್ಲಿ ಕೂತವನು. ಬೇಡವೆಂದರೂ ಹತ್ತಿದ್ದ.

ಹೆದ್ದಾರಿಗೆ ಏರಿದೆವು. ಕಾಲು ಒತ್ತಿದೆ. ಬಿಕ್ಕಳಿಕೆ. ಹಳದಿ ದೀಪ. ಶುಭಾ ಕೂಗಿಕೊಂಡಳು, ನೋವಿಗೋ ಹೆದರಿಕೆಗೋ ತಿಳಿಯಲಿಲ್ಲ. ನನ್ನ ಅಂಗೈ ಸ್ಟೇರಿಂಗಿನ ಮೇಲೆ ಜಾರುತ್ತಿತ್ತು.

"ಎಂತಾ ಮಾಡ್ತದೆ ತಮಾ ಈ ಯಂತ್ರ?" ಎಂದ ಕಾಕಾ. "ನಿನ್ನೆ ಅಷ್ಟು ಚಂದ ಮೀಸಿದ್ದೆ."

"ಎಂತಾ ಮಾಡಿದ್ದೆ?"

"ಮೀಸಿದ್ದೆ ಅಂದೆ. ಬಾನೆಟ್ ತೆಗ್ದು ನಾಲ್ಕು ಕೊಡಪಾನ ಸಿಹಿನೀರು. ಪ್ರತಿ ಭಾನುವಾರ ಹಾಕ್ತೆ, ನೀನು ಮೀನಿಗೆ ಹೋದಾಗ. ಬಟ್ಟೆ ತಕಂಡು ಒರಸೂದೂ ಆಗ್ತದೆ."

"ಎಂತಕ್ಕೆ ಕಾಕಾ?"

"ಎಂತಕ್ಕೆ ಅಂದ್ರೆ? ಉಪ್ಪುಗಾಳಿ ಅಲ್ದನಾ? ಹುಡುಗಿ ಕೂರೂ ಗಾಡಿ. ನಡುನೀರಲ್ಲಿ ಇಂಜಿನ್ ನಿಂತ್ರೆ ಹೇಂಗಿರ್ತದೆ, ನಿಂಗೆ ಗೊತ್ತಿಲ್ಲ. ನಂಗೆ ಗೊತ್ತು."

ದಡ ಮುಟ್ಟಿದ ದೋಣಿಯ ಇಂಜಿನ್ನಿಗೆ ಮೊದಲು ಸಿಹಿನೀರು, ಆಮೇಲೆ ಮನುಷ್ಯರಿಗೆ ಚಹಾ. ನಮ್ಮ ಮನೆಯಲ್ಲಿ ಹಿಂದಿನಿಂದಲೂ ನಡೆದುಬಂದದ್ದು ಹಾಗೆ. ನಾನು ಸುರಂಗಕ್ಕೆ ಹೆದರುತ್ತಿದ್ದ ಅಷ್ಟೂ ದಿನ ಇವನು ಉಪ್ಪಿಗೆ ಹೆದರುತ್ತಿದ್ದ.

"ಇಬ್ಬರೂ ಆಮೇಲೆ ಮಾತಾಡಿ!" ಹಿಂದಿನಿಂದ ಶುಭಾ. "ಅಪ್ಪಾ, ಗಾಡಿ ಬಿಡು!"

ಬಿಟ್ಟೆ. ಕಾಲು ಹಗುರ ಮಾಡಿದೆ. ಟರ್ಬೊ ಎಚ್ಚರಾಗದಷ್ಟು ಹಗುರ. ಒತ್ತಡವಿಲ್ಲದಿದ್ದರೆ ಕಿಡಿ ಹಾರುತ್ತದೆ, ಇಂಜಿನ್ ಕಾದ ಹಾಗೆ ನೀರು ಆರುತ್ತದೆ. ವಿನಾಯಕ ಹೇಳಿದ ಸುಲಭದ ದಾರಿ, ಪ್ಲಗ್ಗಿನ ಕುಳಿಯಲ್ಲಿ ನಿಂತ ಆ ನೀರೇ. ಅವರ್ಸಾ ದಾಟುವಾಗ ದೀಪ ಮಿಟುಕುವುದನ್ನು ಬಿಟ್ಟಿತು. ಸುರಂಗದಲ್ಲಿ ನಾನು ಉಸಿರು ಹಿಡಿದಿದ್ದೆ, ಕಾರು ಹಿಡಿಯಲಿಲ್ಲ. ಮಗು ಮಧ್ಯಾಹ್ನದ ಊಟದ ಹೊತ್ತಿಗೆ ಬಂತು, ತಾಯಿಗೂ ಏನೂ ತೊಂದರೆಯಾಗಲಿಲ್ಲ.

ಆಮೇಲೆ ಕಾಕಾನಿಗೆ ತಿಳಿಸಿ ಹೇಳಿದೆ. ಮುಖ ಸಣ್ಣದು ಮಾಡಿಕೊಂಡು, "ಹೌದನಾ? ಹಂಗಾರೆ ಬೇಡ ಬಿಡು" ಎಂದ. ನಾನೂ ಒಂದು ಸ್ಪ್ಯಾನರ್ ಕೊಂಡು, ಕಾಯಿಲ್ ಬಿಚ್ಚುವುದನ್ನು ವಿನಾಯಕನಿಂದ ಕಲಿತುಕೊಂಡೆ.

ಮೊನ್ನೆ ಆ ಮುಗ್ಗರಿಕೆಯಾದಾಗ ಕಾರನ್ನು ಬದಿಗೆ ನಿಲ್ಲಿಸಿದೆ. ಬಾನೆಟ್ ಎತ್ತಿ, ಎರಡನೇ ಸಿಲಿಂಡರಿನ ಕಾಯಿಲ್ ಹೊರಗೆಳೆದು, ಪ್ಲಗ್ಗಿನ ಕುಳಿಗೆ ಮೊಬೈಲಿನ ಬೆಳಕು ಬಿಟ್ಟು ಬಗ್ಗಿದೆ. ಸ್ಪ್ಯಾನರ್ ಒಮ್ಮೆಯೂ ಜಾರಿರಲಿಲ್ಲ, ಅದಕ್ಕೇ ತುಸು ಗಾಬರಿಯಾಯಿತು.

"ಅಜ್ಜಾ, ಒಳಗೆ ಎಂತಾ ಉಂಟು?" ಮೊಮ್ಮಗಳು ಕಿಟಕಿಯಿಂದ ಕೇಳಿದಳು.

ಹಿಂದಿನ ದಿನ ಭಾನುವಾರವಾಗಿತ್ತು. ಮೊಮ್ಮಗಳು ನಮ್ಮೊಂದಿಗೆ ಅಷ್ಟು ದೂರ ಬರುತ್ತಾಳೆಂದು ಕಾಕಾನಿಗೆ ಗೊತ್ತಿತ್ತು. ಕುಳಿಯ ತಳದಲ್ಲಿ ಒಂದು ಚಮಚದಷ್ಟು ಸಿಹಿನೀರು ನಿಂತಿತ್ತು.