ಜೆಂಜೆಫಿಲ್ ಪದದ ಬೇರು

ವಾಮನರಾಯರು ಕೆಟ್ಟವರಲ್ಲ, ಹಠಮಾರಿ ಅಷ್ಟೇ. ಮೈಸೂರಿನಿಂದ ಬ್ಯಾಂಕಿನ ಕೆಲಸಕ್ಕೆ ಕೊಚ್ಚಿಗೆ ಬಂದು ಇಪ್ಪತ್ತು ವರ್ಷವಾದರೂ ಕಾಕ್ಕನಾಡಿನ ಅವರ ಫ್ಲ್ಯಾಟಿನ ಹೊಸ್ತಿಲೊಳಗೆ ಮಲಯಾಳಂ ಬರಕೂಡದು. ಮಗಳು ತೇಜಸ್ವಿನಿ ‘ಇಂಜಿ’ ಅಂದರೆ ‘ಶುಂಠಿ ಅನ್ನು’, ‘ಅಚ್ಛಾ’ ಅಂದರೆ ‘ಅಪ್ಪ ಅನ್ನು’. ತಿರುವನಂತಪುರದಲ್ಲಿ ಓದುವ ಹುಡುಗಿ ಓಣಂ ರಜೆಗೆ ಗೆಳತಿಯರನ್ನು ಕರೆತಂದು, ಊಟಕ್ಕೆ ಕೂತು ಶುಂಠಿ ಗೊಜ್ಜಿಗೆ ‘ಇಂಜಿಕ್ಕರಿ’ ಅಂದದ್ದಕ್ಕೆ ಎಲ್ಲರೆದುರೇ ಗದರಿಬಿಟ್ಟರು ಮಹಾನುಭಾವರು! ಅವತ್ತಿನಿಂದ ಐದು ತಿಂಗಳಾಯಿತು, ಅವಳು ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. ಫೋನು ಅಮ್ಮನಿಗೆ ಮಾತ್ರ.

ರಾಯರಿಗೆ ಇರುವುದೊಂದೇ ಹುಚ್ಚು, ಪದಗಳ ಹುಟ್ಟು ಹುಡುಕುವುದು. ತಿರುವನಂತಪುರದ ಕನ್ನಡ ಬಳಗದವರು ಭಾಷಣಕ್ಕೆ ಕರೆದಾಗ, ಟರ್ಕಿಯವರು ಶುಂಠಿಗೆ ಅನ್ನುವ ‘ಜೆಂಜೆಫಿಲ್’ ಆರಿಸಿಕೊಂಡರು. ಅದು ಅರಬ್ಬಿಯ ‘ಜಂಜಬೀಲ್’ನಿಂದ ಬಂದದ್ದು. ಅರಬ್ಬಿಗೆ ಪರ್ಷಿಯಾ ಕಡೆಯಿಂದ, ಅದರ ಹಿಂದೆ ಪಾಳಿಯ ‘ಸಿಂಗಿವೇರ’, ಸಂಸ್ಕೃತದ ‘ಶೃಂಗವೇರ’. ಸಂಸ್ಕೃತ ಸಿಕ್ಕಿತಲ್ಲ, ಮುಗಿಯಿತು ಅಂತ ಬೀಗುತ್ತಿದ್ದರು. ಭಾಷಣದ ಹಿಂದಿನ ಸಂಜೆ ಇನ್ನೊಂದು ನಿಘಂಟು ತೆರೆದರು, ಎಡವಟ್ಟಾಯಿತು. ಶೃಂಗವೇರದ ಮೂಲವೇ ನಮ್ಮ ದಕ್ಷಿಣದ್ದಂತೆ: ಇಂಜಿ, ಅದರ ಜೊತೆಗೆ ಬೇರು.

ಬೆಳಗಿನ ರೈಲಿನಲ್ಲಿ ಅದೇ ಯೋಚನೆ. ಸಂಸ್ಕೃತಕ್ಕೇ ನಿಲ್ಲಿಸಿಬಿಟ್ಟರೆ ಯಾರೂ ಕೇಳುವುದಿಲ್ಲ, ಮಾನ ಉಳಿಯುತ್ತೆ. ಭಾಷಣದ ಸುದ್ದಿ ಅಮ್ಮನಿಂದ ಮಗಳಿಗೆ ಹೋಗಿದೆ, ಅವಳು ಬಂದರೆ ಏನು ಮುಖ ಇಟ್ಟುಕೊಂಡು ನಿಲ್ಲುವುದು? ಬರದೇ ಹೋದರೆ? ಕೊಲ್ಲಂ ದಾಟುವಷ್ಟರಲ್ಲಿ ಹೆಂಡತಿ ಊರ್ಮಿಳಾಗೆ ನಾಲ್ಕು ಸಲ ಫೋನು.

‘ಬರ್ತಾಳೇನೇ?’

‘ನಂಗೇನ್ರೀ ಗೊತ್ತು? ಕೂಗಾಡೋವಾಗ ನನ್ನ ಕೇಳಿದ್ರಾ?’

ಸಭೆಯಲ್ಲಿ ಮೂವತ್ತು ಜನ. ತೇಜಸ್ವಿನಿ ಬಂದಿದ್ದಳು. ಕೊನೇ ಸಾಲು, ಬಾಗಿಲ ಪಕ್ಕದ ಕುರ್ಚಿ, ತೊಡೆಯ ಮೇಲೆ ಬ್ಯಾಗು. ಯಾವಾಗ ಬೇಕಾದರೂ ಎದ್ದು ಹೋಗುವ ಹಾಗೆ. ರಾಯರು ಟರ್ಕಿ, ಅರಬ್ಬಿ, ಪರ್ಷಿಯಾ, ಪಾಳಿ ಎಲ್ಲ ತಡವರಿಸುತ್ತಲೇ ದಾಟಿ, ಶೃಂಗವೇರಕ್ಕೆ ಬಂದು ನಿಂತೇಬಿಟ್ಟರು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಮಗಳು ಎದ್ದು ಬ್ಯಾಗು ಹೆಗಲಿಗೇರಿಸಿದಳು.

‘ಇದಕ್ಕೂ ಹಿಂದೆ ಒಂದು ಪದ ಇದೆ,’ ಅಂದರು ರಾಯರು. ‘ಅದನ್ನ ಇಷ್ಟು ವರ್ಷ ನನ್ನ ಮನೇಲಿ ನಾನೇ ಆಡೋಕೆ ಬಿಡಲಿಲ್ಲ. ಇಂಜಿ. ತಪ್ಪು ನಂದು. ಅದರ ಜೊತೆಗಿರೋದು ಬೇರು. ಬೇರಿಗೆ ಇಲ್ಲಿ ಏನಂತಾರೆ, ಪುಟ್ಟಿ?’

ಎಲ್ಲರೂ ತಿರುಗಿ ನೋಡಿದರು. ಅವಳು ಬಾಗಿಲಲ್ಲೇ ನಿಂತಿದ್ದಳು. ಕಣ್ಣು ತುಂಬಿತ್ತು.

‘ವೇರ್, ಅಚ್ಛಾ.’

ರಾಯರು ತಿದ್ದಲಿಲ್ಲ.