ಬಾಂಬ್ ದಳದ ಹಿರಿಯರ ಕಣ್ಣು ಪರೀಕ್ಷೆ

ಬಾಂಬ್ ನಿಷ್ಕ್ರಿಯ ದಳದ ಈ ಹಿರಿಯರು ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆಗೆ ಬಂದರೆ, ಪೊಲೀಸ್ ಡಾಕ್ಟರಾದ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಬಿ.ಪಿ. ನೋಡಿದರೆ, "ನಿಮ್ಮ ಮುಖ ನೋಡಿದ್ರೇ ಏರುತ್ತೆ ಡಾಕ್ಟ್ರೇ, ಬಾಂಬ್ ಮುಂದೆ ತಣ್ಣಗಿರುತ್ತೆ" ಅಂತ ನನ್ನ ಮೇಲೇ ಗೂಬೆ ಕೂರಿಸುತ್ತಾರೆ. ಕಿವಿ ಪರೀಕ್ಷೆಗೆ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದರೆ, ಏನು ಕೇಳಿದರೂ "ಹೌದು, ಹೌದು". ಕೈ ಚಾಚಿ ಅಂದರೆ ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು, "ಬಂಡೆ ಇದ್ದಂಗಿದೆ!" ನಡುಗುವುದು ನನಗೆ ಕಾಣುವುದಿಲ್ಲವೇ? ಕಣ್ಣಿನ ಬೋರ್ಡಂತೂ ಬಾಯಿಪಾಠ. ನಾನು ದೀಪ ಹಾಕುವ ಮೊದಲೇ ಕೊನೇ ಸಾಲು ಮುಗಿದಿರುತ್ತದೆ. ಈ ಸಲ ಬೋರ್ಡನ್ನೇ ಬದಲಾಯಿಸಿದೆ. ಆಸಾಮಿ ಎದೆಯುಬ್ಬಿಸಿ ಹಳೇ ಬೋರ್ಡನ್ನೇ ಒಪ್ಪಿಸಿದರು! "ಸಾಕು ಮಾಡಿ ಸ್ವಾಮಿ! ಮನೇಲಿ ಮೊಮ್ಮಗು ಆಡಿಸ್ಕೊಂಡು ಇರಬಾರದಾ?" ಎಂದು ರೇಗಿದೆ. ಅವರು ಮೊದಲ ಸಲ ದನಿ ತಗ್ಗಿಸಿದರು. "ನಾನು ಬಿಟ್ರೆ ಆ ಬಾಂಬ್ ಸೂಟ್ ಹಾಕೋ ಸರದಿ ನನ್ನ ಅಳಿಯಂದು, ಡಾಕ್ಟ್ರೇ. ಆ ಮಗುವಿನ ಅಪ್ಪಂದು." ಅಳಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಬೆಳಗ್ಗೆ ಅವನನ್ನು ಪರೀಕ್ಷಿಸಿದ್ದೂ ನಾನೇ. ಹುಡುಕಿದರೂ ಒಂದು ದೋಷವೂ ಸಿಕ್ಕಿರಲಿಲ್ಲ.